ಆರು ತಿಂಗಳ ದಾರಿ ಏಳು ದಿನವಾದದ್ದು ಹೇಗೆ?

ಮಕ್ಕಳೇ, ನಿಮ್ಮ ತರಗತಿಯ ಗೋಡೆಯ ಮೇಲೆ ಪ್ರಪಂಚದ ಭೂಪಟವಿದ್ದರೆ ಅದರ ಮುಂದೆ ಬಂದು ನಿಲ್ಲಿ. ಉತ್ತರ ಅಮೆರಿಕ ಖಂಡವನ್ನು ಹುಡುಕಿ. ಅದರ ಬಲಕ್ಕೆ ಅಟ್ಲಾಂಟಿಕ್ ಸಾಗರವಿದೆ, ಎಡಕ್ಕೆ ಪೆಸಿಫಿಕ್ ಸಾಗರವಿದೆ. ಬಲಗಡೆ ದಂಡೆಯಲ್ಲಿರುವ ನ್ಯೂಯಾರ್ಕ್ ನಗರದ ಮೇಲೆ ಒಂದು ಬೆರಳಿಡಿ. ಎಡಗಡೆ ದಂಡೆಯಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ಬೆರಳಿಡಿ. ಈಗ ಹೇಳಿ, 1850ರಲ್ಲಿ ಒಬ್ಬ ಮನುಷ್ಯ ಈ ಬೆರಳಿನಿಂದ ಆ ಬೆರಳಿಗೆ ಹೇಗೆ ಹೋಗುತ್ತಿದ್ದ?

ಅವನಿಗೆ ಮೂರು ದಾರಿಗಳಿದ್ದವು. ಎತ್ತಿನ ಗಾಡಿ ಕಟ್ಟಿಕೊಂಡು ಬಯಲು, ಮರುಭೂಮಿ, ಪರ್ವತಗಳನ್ನು ದಾಟುವುದು ಒಂದು. ಇದಕ್ಕೆ ನಾಲ್ಕರಿಂದ ಆರು ತಿಂಗಳು ಬೇಕಾಗುತ್ತಿತ್ತು. ಎರಡನೆಯದು ಹಡಗಿನ ದಾರಿ. ನಿಮ್ಮ ಬೆರಳನ್ನು ದಕ್ಷಿಣ ಅಮೆರಿಕದ ತುತ್ತತುದಿಯವರೆಗೂ ಇಳಿಸಿ, ಕೇಪ್ ಹಾರ್ನ್ ಎಂಬ ಭೂಶಿರವನ್ನು ಸುತ್ತಿಸಿ, ಮತ್ತೆ ಮೇಲಕ್ಕೆ ತನ್ನಿ. ಇದಕ್ಕೂ ಸುಮಾರು ಆರು ತಿಂಗಳು. ಮೂರನೆಯದು, ಪನಾಮಾದವರೆಗೆ ಹಡಗಿನಲ್ಲಿ ಹೋಗಿ, ಅಲ್ಲಿಯ ಕಾಡಿನ ಕಿರಿದಾದ ನೆಲವನ್ನು ದಾಟಿ, ಇನ್ನೊಂದು ಹಡಗು ಹತ್ತುವುದು. ದಾರಿ ಹತ್ತಿರವೇನೋ ನಿಜ. ಆದರೆ ಅಲ್ಲಿಯ ಸೊಳ್ಳೆಗಳು ಮಲೇರಿಯ ಮತ್ತು ಹಳದಿಜ್ವರ ಹರಡುತ್ತಿದ್ದವು. ಪನಾಮಾ ಕಾಲುವೆ ಇನ್ನೂ ಇರಲಿಲ್ಲ, ಅದು ತೆರೆದದ್ದು 1914ರಲ್ಲಿ.

1848ರಲ್ಲಿ ಪಶ್ಚಿಮ ದಂಡೆಯ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು. ಜನ ಅತ್ತ ನುಗ್ಗಿದರು. ಎರಡೇ ವರ್ಷಗಳಲ್ಲಿ ಅದು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ರಾಜ್ಯವಾಯಿತು. ಒಂದು ಪತ್ರ ತಲುಪುವುದಕ್ಕೇ ವಾರಗಟ್ಟಲೆ ಹಿಡಿಯುವಷ್ಟು ದೂರದ ರಾಜ್ಯವನ್ನು ಆಳುವುದು ಸುಲಭವೇ? ಖಂಡವನ್ನು ಅಡ್ಡಲಾಗಿ ದಾಟುವ ರೈಲು ಬೇಕೆಂಬ ಮಾತು ಆಗ ಜೋರಾಯಿತು. 1862ರ ಜುಲೈ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಇದಕ್ಕೆ ಬೇಕಾದ ಕಾನೂನಿಗೆ ಸಹಿ ಹಾಕಿದರು. ಪೂರ್ವದ ಅರ್ಧದಲ್ಲಿ ಹಳಿಗಳು ಆಗಲೇ ಇದ್ದವು. ಮಿಸ್ಸೌರಿ ನದಿಯ ದಂಡೆಯ ಒಮಾಹ ಪಟ್ಟಣದಿಂದ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಪಟ್ಟಣದವರೆಗಿನ ಸುಮಾರು 1,776 ಮೈಲಿ, ಅಂದರೆ 2,860 ಕಿಲೋಮೀಟರ್ ಮಾತ್ರ ಖಾಲಿ ಇತ್ತು. ಯೂನಿಯನ್ ಪೆಸಿಫಿಕ್ ಎಂಬ ಕಂಪನಿ ಒಮಾಹದಿಂದ ಪಶ್ಚಿಮಕ್ಕೆ ಹಳಿ ಹಾಕುತ್ತ ಬರಬೇಕು. ಸೆಂಟ್ರಲ್ ಪೆಸಿಫಿಕ್ ಎಂಬ ಕಂಪನಿ ಸ್ಯಾಕ್ರಮೆಂಟೊದಿಂದ ಪೂರ್ವಕ್ಕೆ ಬರಬೇಕು. ಎಲ್ಲೋ ಒಂದು ಕಡೆ ಎರಡೂ ಕೂಡಬೇಕು. ಇದು ಯೋಜನೆ.

ಬೆಟ್ಟ ಹತ್ತಲಾರದ ಚಕ್ರ

ಸೆಂಟ್ರಲ್ ಪೆಸಿಫಿಕ್‌ನವರ ಎದುರಿಗೇ ಸಿಯೆರಾ ನೆವಾಡಾ ಪರ್ವತ ನಿಂತಿತ್ತು. ಸ್ಯಾಕ್ರಮೆಂಟೊ ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರದಲ್ಲಿದೆ. ಪರ್ವತದ ಕಣಿವೆದಾರಿಯ ನೆತ್ತಿ 7,000 ಅಡಿಗೂ ಮೇಲಿದೆ. ಗಾಡಿ ಹತ್ತುವ ಬೆಟ್ಟವನ್ನು ರೈಲು ಏಕೆ ಹತ್ತಲಾರದು? ಇದನ್ನು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ.

ಸೈಕಲ್ಲನ್ನು ಮೊದಲು ಮರಳಿನ ಮೇಲೆ ತುಳಿಯಿರಿ, ಆಮೇಲೆ ಸಿಮೆಂಟ್ ನೆಲದ ಮೇಲೆ ತುಳಿಯಿರಿ. ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ಕಾಲು ಸೋಲುತ್ತದೆ. ಸಿಮೆಂಟಿನ ಮೇಲೆ ಹಗುರವಾಗಿ ಓಡುತ್ತದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರವೆಂದರೆ ಸಿಮೆಂಟಿಗಿಂತ ಎಷ್ಟೋ ಮೇಲು. ಎರಡೂ ಗಟ್ಟಿ, ಯಾವುದೂ ತಗ್ಗುವುದಿಲ್ಲ. ಹಾಗಾಗಿ 1,000 ಕಿಲೋ ಭಾರವನ್ನು ಸಮತಟ್ಟಾದ ಹಳಿಯ ಮೇಲೆ ಉರುಳಿಸಿಕೊಂಡು ಹೋಗಲು ಕೆಲವೇ ಕಿಲೋ ತೂಕದಷ್ಟು ಬಲ ಸಾಕು. ರೈಲಿನ ಶಕ್ತಿಯ ಗುಟ್ಟು ಇದೇ.

ಆದರೆ ಗುಟ್ಟಿನ ಜೊತೆಗೇ ಕಷ್ಟವೂ ಇದೆ. ಏರು ಬಂತೆನ್ನಿ. 100 ಅಡಿ ಮುಂದೆ ಹೋಗುವಾಗ ಕೇವಲ 2 ಅಡಿ ಮೇಲೇರಿದರೂ, ಆ 1,000 ಕಿಲೋ ಭಾರವನ್ನು ಗುರುತ್ವವು 20 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆಳೆಯುತ್ತದೆ. ಎಂಜಿನ್ನಿನ ಕೆಲಸ ಒಮ್ಮೆಲೇ ಹಲವು ಪಟ್ಟಾಗುತ್ತದೆ. ಅಷ್ಟು ಬಲ ಹಾಕಿದರೆ ನುಣುಪಾದ ಹಳಿಯ ಮೇಲೆ ನುಣುಪಾದ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ರೈಲು ಎಂಜಿನ್ನುಗಳಲ್ಲಿ ಮರಳಿನ ಪೆಟ್ಟಿಗೆ ಇಟ್ಟಿರುವುದು ಇದಕ್ಕೇ. ಚಕ್ರ ಜಾರತೊಡಗಿದರೆ ಹಳಿಯ ಮೇಲೆ ಮರಳು ಉದುರಿಸುತ್ತಾರೆ. ಇಂದಿನ ಎಂಜಿನ್ನುಗಳಲ್ಲೂ ಈ ಏರ್ಪಾಡು ಇದೆ.

ಆದ್ದರಿಂದ ಕಾನೂನಿನಲ್ಲೇ ಒಂದು ಮಿತಿ ಹಾಕಿದ್ದರು: ಒಂದು ಮೈಲಿಗೆ 116 ಅಡಿಗಿಂತ ಹೆಚ್ಚು ಏರಕೂಡದು. ಒಂದು ಮೈಲಿಗೆ 5,280 ಅಡಿ. ಭಾಗಿಸಿ ನೋಡಿ, ಸುಮಾರು 45 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲುದಾರಿಯಲ್ಲಿ ಇದು 50ಕ್ಕೆ 1. ಹೆಚ್ಚುಕಡಿಮೆ ಒಂದೇ ಲೆಕ್ಕ!

ಹಾಗಾದರೆ 7,000 ಅಡಿ ಏರಲು ಕನಿಷ್ಠ 60 ಮೈಲಿ ಉದ್ದದ, ಎಲ್ಲಿಯೂ ಇಳಿಯದೆ ಏರುತ್ತಲೇ ಹೋಗುವ ಇಳಿಜಾರು ಬೇಕು. ಅಂಥದ್ದನ್ನು ಪರ್ವತದಲ್ಲಿ ಎಲ್ಲಿ ಹುಡುಕುವುದು? ಥಿಯೋಡರ್ ಜೂಡಾ ಎಂಬ ಎಂಜಿನಿಯರು ವರ್ಷಗಟ್ಟಲೆ ಹುಡುಕಿದರು. 1860ರಲ್ಲಿ ಡಚ್ ಫ್ಲ್ಯಾಟ್ ಎಂಬ ಊರಿನ ಔಷಧ ಅಂಗಡಿಯ ಡೇನಿಯಲ್ ಸ್ಟ್ರಾಂಗ್ ಎಂಬುವರು ಅವರಿಗೆ ಒಂದು ಉದ್ದನೆಯ ಏಣನ್ನು ತೋರಿಸಿದರು. ಏಣು ಎಂದರೆ ಎರಡು ನದಿಕಣಿವೆಗಳ ನಡುವೆ ದನದ ಬೆನ್ನಿನಂತೆ ಎದ್ದಿರುವ ನೆಲ. ಅದು ಬಯಲಿನಿಂದ ಡಾನರ್ ಕಣಿವೆದಾರಿಯವರೆಗೆ ನಿಧಾನವಾಗಿ ಏರುತ್ತ ಹೋಗುತ್ತಿತ್ತು. ಇಂದಿಗೂ ರೈಲು ಓಡುವುದು ಆ ಬೆನ್ನಿನ ಮೇಲೆಯೇ. ಪಾಪ, ಜೂಡಾ ಮಾತ್ರ ಅದನ್ನು ನೋಡಲಿಲ್ಲ. 1863ರಲ್ಲಿ ಪನಾಮಾ ದಾರಿಯಲ್ಲಿ ಪ್ರಯಾಣ ಮಾಡುವಾಗ ಹಳದಿಜ್ವರ ತಗಲಿ ತೀರಿಕೊಂಡರು. ಯಾವ ದಾರಿಯನ್ನು ಬೇಡವಾಗಿಸಲು ಅವರು ದುಡಿದರೋ ಅದೇ ದಾರಿಯಲ್ಲಿ!

ಇಲ್ಲಿ ಒಂದು ತಮಾಷೆಯ ವಿಷಯ ಹೇಳಬೇಕು. ಸರ್ಕಾರ ಕಂಪನಿಗಳಿಗೆ ಮೈಲಿ ಲೆಕ್ಕದಲ್ಲಿ ಸಾಲ ಕೊಡುತ್ತಿತ್ತು. ಬಯಲಿನಲ್ಲಿ ಮೈಲಿಗೆ 16,000 ಡಾಲರ್, ಪರ್ವತದಲ್ಲಿ 48,000 ಡಾಲರ್. ಪರ್ವತ ಎಲ್ಲಿಂದ ಶುರುವಾಗುತ್ತದೆ? ರಾಜ್ಯದ ಭೂವಿಜ್ಞಾನಿ ಜೋಸೈಯಾ ವಿಟ್ನಿ ಅವರನ್ನು ಕೇಳಿದರು. ಸ್ಯಾಕ್ರಮೆಂಟೊದಿಂದ ಏಳು ಮೈಲಿಯಲ್ಲಿರುವ ಆರ್ಕೇಡ್ ಹಳ್ಳದ ಬಳಿಯೇ ಪರ್ವತದ ಬುಡ ಶುರುವಾಗುತ್ತದೆ ಎಂದು ಅವರು ತೀರ್ಪು ಕೊಟ್ಟರು. ಅಲ್ಲಿ ನಿಂತು ನೋಡಿದರೆ ನೆಲ ಅಂಗೈಯಂತೆ ಚಪ್ಪಟೆ. ಕಣ್ಣಿಗೆ ಕಾಣುವ ಬೆಟ್ಟಗಳು ಇನ್ನೂ ಹಲವು ಮೈಲಿ ಆಚೆ ಇದ್ದವು. ಲಿಂಕನ್ ಒಪ್ಪಿಬಿಟ್ಟರು. ಕಾಗದದ ಮೇಲೆ ಪರ್ವತವನ್ನು ಸರಿಸುವುದು ಎಷ್ಟು ಸುಲಭ ನೋಡಿ. ನಿಜವಾದ ಪರ್ವತ ಹಾಗೆ ಸರಿಯಲಿಲ್ಲ.

ದಿನಕ್ಕೆ ಒಂದು ಅಡಿ

ನೆತ್ತಿಯ ಹತ್ತಿರ ದಾರಿಗೆ ಅಡ್ಡವಾಗಿ ಗ್ರಾನೈಟ್ ಬಂಡೆ ನಿಂತಿತ್ತು. ನಿಮ್ಮ ಊರಿನ ಹತ್ತಿರ ಕಲ್ಲುಗಣಿ ಇದ್ದರೆ ಗ್ರಾನೈಟ್ ಎಷ್ಟು ಗಟ್ಟಿ ಎಂಬುದು ನಿಮಗೆ ಗೊತ್ತಿರುತ್ತದೆ. ಆ ಬಂಡೆಯಲ್ಲಿ 1,659 ಅಡಿ ಉದ್ದದ ಸುರಂಗ ಕೊರೆಯಬೇಕಾಗಿತ್ತು. ಯಂತ್ರಗಳಿರಲಿಲ್ಲ. ಮೂವರು ಸೇರಿ ಒಂದು ಕುಳಿ ಕೊರೆಯುತ್ತಿದ್ದರು. ಒಬ್ಬ ಉದ್ದನೆಯ ಉಕ್ಕಿನ ಉಳಿಯನ್ನು ಬಂಡೆಗೆ ಒತ್ತಿ ಹಿಡಿಯುತ್ತಾನೆ. ಇಬ್ಬರು ದೊಡ್ಡ ಸುತ್ತಿಗೆಗಳಿಂದ ಸರದಿಯಂತೆ ಹೊಡೆಯುತ್ತಾರೆ. ಪ್ರತಿ ಏಟಿಗೂ ಹಿಡಿದವನು ಉಳಿಯನ್ನು ಸ್ವಲ್ಪ ತಿರುಗಿಸುತ್ತಾನೆ. ಅವನ ಬೆರಳುಗಳನ್ನು ನೆನೆಸಿಕೊಳ್ಳಿ! ಹೀಗೆ ಕೊರೆದ ಕುಳಿಗೆ ಕರಿಮದ್ದು ತುಂಬಿ, ಬತ್ತಿ ಹಚ್ಚಿ, ದೂರ ಓಡುತ್ತಿದ್ದರು. ಹೊಗೆ ಇಳಿದ ಮೇಲೆ ಚೂರುಗಳನ್ನು ಹೊರಕ್ಕೆ ಹೊರುತ್ತಿದ್ದರು. ಇಷ್ಟೆಲ್ಲ ಮಾಡಿದರೆ ಸುರಂಗದ ಒಂದು ಮುಖ ದಿನಕ್ಕೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತಿತ್ತು.

ಎರಡು ತುದಿಗಳಿಂದ ಕೊರೆದರೆ ಎರಡು ಮುಖಗಳು. ಅವರು ಒಂದು ಜಾಣತನ ಮಾಡಿದರು. ಸುರಂಗದ ನಡುಭಾಗಕ್ಕೆ ಸರಿಯಾಗಿ, ಬೆಟ್ಟದ ಮೇಲಿಂದ ಬಾವಿಯಂತೆ ನೇರ ಕೆಳಕ್ಕೆ ಕೊರೆದರು. ತಳ ಮುಟ್ಟಿದ ಮೇಲೆ ಅಲ್ಲಿಂದ ಎರಡೂ ದಿಕ್ಕಿಗೆ ಕೊರೆಯತೊಡಗಿದರು. ಈಗ ಎರಡರ ಬದಲು ನಾಲ್ಕು ಮುಖಗಳು! ಆದರೆ ಬಾವಿಯ ತಳದ ಕತ್ತಲಿನಲ್ಲಿ ದಿಕ್ಕು ಗೊತ್ತಾಗುವುದು ಹೇಗೆ? ಇಂಥ ಕಡೆ ಸರ್ವೇಯರುಗಳು ಬಾವಿಯ ಬಾಯಿಂದ ಎರಡು ತೂಗುಗುಂಡುಗಳನ್ನು ಇಳಿಬಿಡುತ್ತಾರೆ. ಗಾರೆ ಕೆಲಸದವರ ಬಳಿ ನೀವು ನೋಡಿರುವ ತೂಗುಗುಂಡೇ ಅದು. ಮೇಲೆ ಸುರಂಗದ ದಿಕ್ಕಿಗೆ ಸರಿಯಾಗಿ ಎರಡು ದಾರಗಳನ್ನು ಕಟ್ಟಿದರೆ, ಕೆಳಗೂ ಆ ದಾರಗಳು ಅದೇ ದಿಕ್ಕನ್ನು ತೋರಿಸುತ್ತವೆ. 1867ರ ಆಗಸ್ಟ್‌ನಲ್ಲಿ ಸುರಂಗ ಆರುಪಾರಾದಾಗ ಅಳತೆ ತಪ್ಪಿದ್ದು ಎರಡು ಅಂಗುಲದಷ್ಟೇ ಎನ್ನುತ್ತಾರೆ.

ಕೆಲಸ ಬೇಗ ಆಗಲೆಂದು 1867ರಲ್ಲಿ ನೈಟ್ರೋಗ್ಲಿಸರಿನ್ ಎಂಬ ದ್ರವವನ್ನೂ ಬಳಸಿದರು. ಕರಿಮದ್ದು ಉರಿಯುತ್ತ ಉರಿಯುತ್ತ ಬಂಡೆಯನ್ನು ನೂಕುತ್ತದೆ. ನೈಟ್ರೋಗ್ಲಿಸರಿನ್ ಹಾಗಲ್ಲ. ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಇಡೀ ದ್ರವ ಬಿಸಿ ಅನಿಲವಾಗಿ ಬಂಡೆಯನ್ನು ಸೀಳಿಬಿಡುತ್ತದೆ. ಆದರೆ ಅದು ಬಹಳ ಮುಂಗೋಪಿ. ಸ್ವಲ್ಪ ಕುಲುಕಿದರೂ ಸಿಡಿಯಬಹುದು. 1866ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಪೆಟ್ಟಿಗೆಯೊಂದು ಸಿಡಿದು ಹಲವರು ಸತ್ತಿದ್ದರು. ಹಾಗಾಗಿ ಅದನ್ನು ಗಾಡಿಯಲ್ಲಿ ತರುವ ಬದಲು ಜೇಮ್ಸ್ ಹೌಡನ್ ಎಂಬ ರಸಾಯನಶಾಸ್ತ್ರಜ್ಞರು ಸುರಂಗದ ಬಳಿಯಲ್ಲೇ ತಯಾರಿಸುತ್ತಿದ್ದರು. ಅದೇ 1867ರಲ್ಲಿ ಆಲ್ಫ್ರೆಡ್ ನೊಬೆಲ್ ಈ ದ್ರವವನ್ನು ಒಂದು ಬಗೆಯ ಮಣ್ಣಿನಲ್ಲಿ ಹೀರಿಸಿ, ಸುರಕ್ಷಿತವಾದ ಡೈನಮೈಟ್ ಮಾಡಿದರು. ಅದು ಈ ಸುರಂಗಕ್ಕೆ ಒದಗಲಿಲ್ಲ.

ಚಹಾ ಕುಡಿದವರು

ಇಷ್ಟು ಹೊತ್ತು ‘ಅವರು ಕೊರೆದರು’ ಎಂದೆ. ಯಾರು ಅವರು?

ಹೆಚ್ಚಿನವರು ಚೀನಾ ದೇಶದ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ ಬಂದ ರೈತರ ಮಕ್ಕಳು. ಮೊದಲು ಕಂಪನಿಯವರಿಗೆ ಇವರ ಮೇಲೆ ನಂಬಿಕೆ ಇರಲಿಲ್ಲ. ಈ ಸಣಕಲು ಆಳುಗಳು ಬಂಡೆ ಒಡೆಯುತ್ತಾರೆಯೇ ಎಂದು ಮೂಗು ಮುರಿದರು. ಬಿಳಿಯ ಕಾರ್ಮಿಕರು ಸಾಕಷ್ಟು ಸಿಗದಿದ್ದಾಗ 1865ರಲ್ಲಿ ಪರೀಕ್ಷೆಗೆಂದು ಸುಮಾರು 50 ಜನರನ್ನು ತೆಗೆದುಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಕಂಪನಿಯ ಕೂಲಿಕಾರರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಚೀನೀಯರೇ ಇದ್ದರು, ಹತ್ತು ಸಾವಿರಕ್ಕೂ ಮೇಲೆ.

ಇವರ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಇತರ ಕಾರ್ಮಿಕರು ಹಳ್ಳ ಹೊಂಡಗಳ ನೀರನ್ನು ಹಾಗೆಯೇ ಕುಡಿದು, ಆಮಶಂಕೆ ಹತ್ತಿ ಮಲಗುತ್ತಿದ್ದರು. ಚೀನೀಯರು ನೀರು ಕಾಯಿಸಿ ಚಹಾ ಮಾಡಿ ಕುಡಿಯುತ್ತಿದ್ದರು. ಹುಡುಗರು ಹೆಗಲ ಮೇಲೆ ಅಡ್ಡೆ ಹೊತ್ತು, ಪೀಪಾಯಿಗಳಲ್ಲಿ ಚಹಾ ತಂದು ಕೊಡುತ್ತಿದ್ದರು. ರೋಗಾಣುಗಳ ವಿಷಯ ಆಗ ಜನಕ್ಕೆ ಗೊತ್ತೇ ಇರಲಿಲ್ಲ. ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಆಗಿನ್ನೂ ಅದರ ಪ್ರಯೋಗಗಳನ್ನು ಮಾಡುತ್ತಿದ್ದರು. ಕುದಿಯುವ ನೀರು ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಜೊತೆಗೆ ಅನ್ನ, ತರಕಾರಿ, ಒಣಮೀನು ಇದ್ದ ಅವರ ಊಟವೂ ಒಳ್ಳೆಯದಿತ್ತು.

ಆದರೆ ಆ ಊಟಕ್ಕೆ ಅವರೇ ದುಡ್ಡು ಕೊಡಬೇಕಿತ್ತು. ಬಿಳಿಯರಿಗೆ ಸಂಬಳದ ಜೊತೆಗೆ ಊಟ, ವಸತಿ ಪುಕ್ಕಟೆ. ಚೀನೀಯರಿಗೆ ತಿಂಗಳಿಗೆ ಸುಮಾರು 30 ಡಾಲರ್ ಅಷ್ಟೆ. 1866–67ರ ಚಳಿಗಾಲ ಭಯಂಕರವಾಗಿತ್ತು. ಒಂದರ ಹಿಂದೆ ಒಂದರಂತೆ 44 ಹಿಮಗಾಳಿಗಳು ಬೀಸಿದವು. ಹಿಮದ ರಾಶಿಯೊಳಗೇ ಸುರಂಗ ಮಾಡಿಕೊಂಡು ಗುಡಾರದಿಂದ ಕೆಲಸಕ್ಕೆ ಹೋಗಬೇಕಿತ್ತು. ಬೆಟ್ಟದ ಮೇಲಿನ ಹಿಮ ಜಾರಿ ಬಿದ್ದು ಎಷ್ಟೋ ಜನ ಹೂತುಹೋದರು. ಹಿಮ ಕರಗಿದ ಮೇಲೆಯೇ ಅವರ ದೇಹಗಳು ಸಿಕ್ಕಿದವು. ಸತ್ತವರ ಲೆಕ್ಕವನ್ನು ಕಂಪನಿ ಇಡಲಿಲ್ಲ. 1867ರ ಜೂನ್‌ನಲ್ಲಿ ಸಾವಿರಾರು ಚೀನೀ ಕಾರ್ಮಿಕರು ಉಳಿ ಸುತ್ತಿಗೆ ಕೆಳಗಿಟ್ಟರು. ತಿಂಗಳಿಗೆ 40 ಡಾಲರ್ ಕೊಡಿ, ಸುರಂಗದೊಳಗಿನ ಕೆಲಸದ ವೇಳೆ ಕಡಿಮೆ ಮಾಡಿ ಎಂದರು. ಗಲಾಟೆ ಮಾಡಲಿಲ್ಲ, ಸುಮ್ಮನೆ ಕುಳಿತರು. ಕಂಪನಿಯ ಚಾರ್ಲ್ಸ್ ಕ್ರಾಕರ್ ಬೆಟ್ಟದ ಮೇಲಕ್ಕೆ ಆಹಾರ ಹೋಗುವುದನ್ನೇ ನಿಲ್ಲಿಸಿಬಿಟ್ಟರು. ಒಂದು ವಾರದಲ್ಲಿ ಹಸಿವು ಗೆದ್ದಿತು, ಕಾರ್ಮಿಕರು ಸೋತರು.

ಒಂದು ದಿನ, ಹತ್ತು ಮೈಲಿ

ಯೂನಿಯನ್ ಪೆಸಿಫಿಕ್‌ನವರದು ಬಯಲಿನ ದಾರಿ. ಐರ್ಲೆಂಡ್‌ನಿಂದ ಬಂದವರು ಮತ್ತು 1865ರಲ್ಲಿ ಮುಗಿದ ಅಂತರ್ಯುದ್ಧದ ಸಿಪಾಯಿಗಳು ಅಲ್ಲಿ ದುಡಿದರು. ಅವರ ಕೆಲಸ ಬೇಗ ಸಾಗಿತು. ಸೆಂಟ್ರಲ್ ಪೆಸಿಫಿಕ್‌ನವರೂ ಪರ್ವತ ಇಳಿದು ನೆವಾಡಾದ ಮರುಭೂಮಿಗೆ ಬಂದ ಮೇಲೆ ಪೈಪೋಟಿ ಶುರುವಾಯಿತು. ಮೈಲಿಗಿಷ್ಟು ಎಂದು ಹಣ ಸಿಗುವಾಗ ಮೈಲಿ ಬಿಟ್ಟುಕೊಡುವವರು ಯಾರು? ಎರಡೂ ಕಡೆಯ ನೆಲ ಸಮ ಮಾಡುವ ತಂಡಗಳು ಒಂದನ್ನೊಂದು ದಾಟಿ, 200 ಮೈಲಿಗೂ ಹೆಚ್ಚು ದೂರ ಅಕ್ಕಪಕ್ಕದಲ್ಲೇ ಎರಡು ದಾರಿ ಮಾಡಿದವು! ಕೊನೆಗೆ ಸರ್ಕಾರ ನಡುವೆ ಬಂದು ಯೂಟಾ ಪ್ರಾಂತ್ಯದಲ್ಲಿ ಕೂಡುವ ಜಾಗವನ್ನು ಗೊತ್ತುಮಾಡಬೇಕಾಯಿತು.

ಆ ಪೈಪೋಟಿಯಲ್ಲಿ 1869ರ ಏಪ್ರಿಲ್ 28ರಂದು ಸೆಂಟ್ರಲ್ ಪೆಸಿಫಿಕ್ ತಂಡ ಒಂದೇ ದಿನದಲ್ಲಿ 10 ಮೈಲಿ ಹಳಿ ಹಾಕಿತು. ಲೆಕ್ಕ ಮಾಡಿ ನೋಡೋಣ. 10 ಮೈಲಿ ಎಂದರೆ 52,800 ಅಡಿ. ಒಂದು ಕಂಬಿಯ ಉದ್ದ 30 ಅಡಿ. ಎರಡೂ ಬದಿಗೆ ಕಂಬಿ ಬೇಕು. ಒಟ್ಟು 3,520 ಕಂಬಿಗಳು! ಒಂದೊಂದು ಸುಮಾರು 250 ಕಿಲೋ ತೂಕ. ಇವನ್ನೆಲ್ಲ ಗಾಡಿಯಿಂದ ಇಳಿಸಿ ಇಟ್ಟವರು ಎಂಟೇ ಎಂಟು ಜನ ಐರಿಷ್ ಕೆಲಸಗಾರರು. ತಲೆಗೆ ಎಷ್ಟು ಟನ್ ಬಂತು ಎಂಬುದನ್ನು ನೀವೇ ಲೆಕ್ಕ ಹಾಕಿ. ಉತ್ತರ ನೂರು ಟನ್ ದಾಟಬೇಕು.

ಆ ಎಂಟೂ ಜನರ ಹೆಸರುಗಳು ದಾಖಲೆಯಲ್ಲಿವೆ. ಒಳ್ಳೆಯದೇ, ಇರಬೇಕಾದ್ದೇ. ಆದರೆ ಅದೇ ದಿನ ಸ್ಲೀಪರ್ ಹಾಸಿದ, ಮೊಳೆ ಬಡಿದ, ಜಲ್ಲಿ ತುಂಬಿದ ಸಾವಿರಾರು ಚೀನೀಯರ ಹೆಸರು ಯಾರೂ ಬರೆದಿಡಲಿಲ್ಲ. ಕಂಪನಿಯ ಸಂಬಳದ ಪುಸ್ತಕದಲ್ಲಿಯೂ ಹೆಚ್ಚಾಗಿ ಇರುವುದು ಅವರ ಮೇಸ್ತ್ರಿಗಳ ಹೆಸರು ಮಾತ್ರ.

1869ರ ಮೇ 10ರಂದು ಯೂಟಾದ ಪ್ರೊಮಂಟರಿ ಎಂಬಲ್ಲಿ ಎರಡೂ ಹಳಿಗಳು ಕೂಡಿದವು. ಚಿನ್ನದ ಮೊಳೆಯೊಂದನ್ನು ಮೊದಲೇ ಕೊರೆದಿಟ್ಟ ತೂತಿಗೆ ಇಟ್ಟು ಶಾಸ್ತ್ರ ಮಾಡಿ, ಆಮೇಲೆ ಜೋಪಾನವಾಗಿ ತೆಗೆದಿಟ್ಟುಕೊಂಡರು. ‘ಮುಗಿಯಿತು’ ಎಂಬ ಒಂದೇ ಪದದ ತಂತಿ ದೇಶಕ್ಕೆಲ್ಲ ಹೋಯಿತು. ಎರಡು ಎಂಜಿನ್ನುಗಳು ಮೂಗಿಗೆ ಮೂಗು ತಾಗಿಸಿ ನಿಂತ ಅಂದಿನ ಫೋಟೋ ಬಹಳ ಪ್ರಸಿದ್ಧ. ಅದರ ತುಂಬ ಜನ. ಕೊನೆಯ ಕಂಬಿಯನ್ನು ತಂದಿಟ್ಟ ಚೀನೀಯರನ್ನು ಮಾತ್ರ ಅದರಲ್ಲಿ ಹುಡುಕಿದರೂ ಕಾಣುವುದು ಕಷ್ಟ. 1882ರಲ್ಲಿ ಚೀನೀ ಕೂಲಿಕಾರರು ಅಮೆರಿಕಕ್ಕೆ ಬರಕೂಡದು ಎಂದು ಕಾನೂನೇ ಆಯಿತು. ಅದು ರದ್ದಾದದ್ದು 1943ರಲ್ಲಿ. ಅವರ ಶಿಬಿರಗಳಿದ್ದ ಕಡೆ ನೆಲ ಅಗೆದ ಪುರಾತತ್ತ್ವಜ್ಞರಿಗೆ ಅನ್ನದ ಬಟ್ಟಲಿನ ಚೂರುಗಳು ಸಿಕ್ಕಿವೆ. ಹಳೆಯ ಸುರಂಗದಿಂದ 1993ರಲ್ಲಿ ಹಳಿ ತೆಗೆದರು. ಈಗ ಅದರೊಳಗೆ ನಡೆದುಹೋದರೆ ಗೋಡೆಯ ಮೇಲೆ ಉಳಿಯ ಗೆರೆಗಳನ್ನು ಕಾಣಬಹುದು.

ಹಳಿ ಬಂದ ಮೇಲೆ

ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏಳೇ ದಿನ! ಕ್ಯಾಲಿಫೋರ್ನಿಯದ ಹಣ್ಣು ಪೂರ್ವಕ್ಕೆ ಹೋಯಿತು, ಪೂರ್ವದ ಯಂತ್ರಗಳು ಪಶ್ಚಿಮಕ್ಕೆ ಬಂದವು. ಏಷ್ಯಾದ ಸರಕೆಲ್ಲ ತಮ್ಮ ರೈಲಿನಲ್ಲೇ ಯುರೋಪಿಗೆ ಹೋಗುತ್ತದೆಂದು ಕಂಪನಿಯವರು ಆಸೆಪಟ್ಟಿದ್ದರು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಆ ಆಸೆ ಮಸುಕಾಯಿತು.

ಹಳಿ ಹೋದದ್ದು ಖಾಲಿ ನೆಲದ ಮೇಲಲ್ಲ. ಅದು ಪಾನಿ, ಲಕೋಟ, ಷೆಯೆನ್, ಶೋಶೋನಿ ಮುಂತಾದ ಮೂಲನಿವಾಸಿಗಳ ನೆಲ. ಸರ್ಕಾರ ಒಂದು ಮೈಲಿ ಹಳಿಗೆ ಮೊದಲು 10, ಆಮೇಲೆ 20 ಚದರ ಮೈಲಿಯಂತೆ ಕಂಪನಿಗಳಿಗೆ ಭೂಮಿ ಕೊಟ್ಟಿತು. ಅಲ್ಲಿ ಬಾಳುತ್ತಿದ್ದವರ ಒಪ್ಪಿಗೆ ಕೇಳಿ ಕೊಟ್ಟದ್ದಲ್ಲ. 1867ರಲ್ಲಿ ಷೆಯೆನ್ ಜನರು ನೆಬ್ರಾಸ್ಕದಲ್ಲಿ ಒಂದು ರೈಲನ್ನು ಹಳಿ ತಪ್ಪಿಸಿದರು ಕೂಡ. ಆದರೆ ಅವರಿಗೆ ದೊಡ್ಡ ಏಟು ಬಿದ್ದದ್ದು ಬಂದೂಕಿನಿಂದ ಮಾತ್ರವಲ್ಲ, ಕಾಡೆಮ್ಮೆಗಳ ನಾಶದಿಂದ. ಬೈಸನ್ ಎಂಬ ಆ ಕಾಡೆಮ್ಮೆಯೇ ಅವರಿಗೆ ಊಟ, ಅದರ ಚರ್ಮವೇ ಗುಡಾರ, ಹೊದಿಕೆ. ಒಂದು ಕಾಲಕ್ಕೆ ಮೂರು ಕೋಟಿ ಇದ್ದವೆಂದು ಅಂದಾಜು. ರೈಲುದಾರಿ ಹಿಂಡನ್ನು ಉತ್ತರ, ದಕ್ಷಿಣ ಎಂದು ಇಬ್ಭಾಗ ಮಾಡಿತು. ಬೇಟೆಗಾರರು ರೈಲಿನಲ್ಲಿ ಬಂದರು, ಚರ್ಮ ರೈಲಿನಲ್ಲಿ ಹೋಯಿತು. ಪೂರ್ವದ ಕಾರ್ಖಾನೆಗಳಲ್ಲಿ ಯಂತ್ರ ತಿರುಗಿಸುವ ಪಟ್ಟಿಗಳಿಗೆ ಆ ಚರ್ಮ ಬೇಕಾಗಿತ್ತು. ಆಮೇಲೆ ಬಯಲಿನಲ್ಲಿ ಬಿದ್ದಿದ್ದ ಮೂಳೆಗಳನ್ನೂ ಗೊಬ್ಬರಕ್ಕೆಂದು ರೈಲಿಗೆ ತುಂಬಿದರು. 1880ರ ದಶಕದ ಕೊನೆಗೆ ಕಾಡಿನಲ್ಲಿ ಉಳಿದ ಕಾಡೆಮ್ಮೆಗಳು ಕೆಲವೇ ನೂರು.

ಹನ್ನೆರಡು ಗಂಟೆ ಎಂದರೆ ಯಾವಾಗ?

ರೈಲು ಗಡಿಯಾರವನ್ನೂ ಬಿಡಲಿಲ್ಲ. ಹಿಂದೆ ಪ್ರತಿ ಊರಿಗೂ ತನ್ನದೇ ಹನ್ನೆರಡು ಗಂಟೆ ಇತ್ತು. ಆ ಊರಿನ ನೆತ್ತಿಗೆ ಸೂರ್ಯ ಬಂದರೆ ಹನ್ನೆರಡು. ಭೂಮಿ ಒಂದು ರೇಖಾಂಶದಷ್ಟು ತಿರುಗಲು 4 ನಿಮಿಷ ಬೇಕು. ನ್ಯೂಯಾರ್ಕ್‌ಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಸುಮಾರು 48 ರೇಖಾಂಶಗಳಿವೆ. ಅಂದರೆ ಮೂರು ಗಂಟೆಗೂ ಹೆಚ್ಚು ವ್ಯತ್ಯಾಸ. ಎತ್ತಿನ ಗಾಡಿಗೆ ಇದರಿಂದ ತೊಂದರೆ ಇಲ್ಲ. ರೈಲಿಗೆ? ಒಂದೇ ಹಳಿಯ ಮೇಲೆ ಎದುರುಬದುರು ಬರುವ ಎರಡು ರೈಲುಗಳ ಗಡಿಯಾರ ಬೇರೆ ಬೇರೆ ಆದರೆ ಗತಿಯೇನು? ಅದಕ್ಕಾಗಿ 1883ರ ನವೆಂಬರ್ 18ರಂದು ಅಮೆರಿಕದ ರೈಲು ಕಂಪನಿಗಳು ತಾವೇ ಸೇರಿ ದೇಶವನ್ನು ನಾಲ್ಕು ಕಾಲವಲಯಗಳಾಗಿ ಮಾಡಿಕೊಂಡವು. ಸರ್ಕಾರ ಅದನ್ನು ಕಾನೂನು ಮಾಡಿದ್ದು 1918ರಲ್ಲಿ. ನಮ್ಮ ದೇಶದಲ್ಲಿಯೂ ಮೊದಲು ರೈಲುಗಳು ಮದ್ರಾಸಿನ ವೇಳೆಯಂತೆ ಓಡುತ್ತಿದ್ದವು. 1906ರಿಂದ 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆ ಭಾರತದ ವೇಳೆಯಾಯಿತು.

ಕರ್ನಾಟಕವೆಲ್ಲ ಆ ರೇಖೆಯ ಪಶ್ಚಿಮಕ್ಕಿದೆ. ಹಾಗಾಗಿ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ನಮ್ಮ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಡಿಸೆಂಬರ್ ಕೊನೆಯ ವಾರ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ನೆರಳು ಅತಿ ಚಿಕ್ಕದಾದದ್ದು ಎಷ್ಟು ಹೊತ್ತಿಗೆ? ಕೋಲಾರದಲ್ಲಿ 12 ಗಂಟೆ 18 ನಿಮಿಷದ ಸುಮಾರಿಗೆ, ಕಾರವಾರದಲ್ಲಿ 12 ಗಂಟೆ 34 ನಿಮಿಷದ ಸುಮಾರಿಗೆ ಆಗಬೇಕು. ಬೇರೆ ತಿಂಗಳುಗಳಲ್ಲಿ ಇದು ಕಾಲು ಗಂಟೆಯವರೆಗೂ ಹಿಂದೆಮುಂದೆ ಆಗುತ್ತದೆ. ನಿಮ್ಮ ಊರಿನ ರೇಖಾಂಶವನ್ನು ಭೂಪಟದಲ್ಲಿ ನೋಡಿ, ಉತ್ತರವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡು, ಆಮೇಲೆ ಕೋಲು ನೆಡಿ.